ಹೆಗಲು ಮುಟ್ಟಿ ನೋಡಿಕೊಂಡವಳು

ಅಡಿಕೆ ಕೊನೆಗಳ ಕೊಯ್ಲು ಶುರುವಾಗಿ ಹತ್ತು ದಿನವಾಯಿತು. ಅಂಗಳದ ಮೂಲೆಯಲ್ಲಿ ಹಂಡೆಯ ಒಲೆ ಇನ್ನೂ ಹೊಗೆಯಾಡುತ್ತಿದೆ. ಅಡಿಕೆ ಬೇಯಿಸಿದ ಚೊಗರಿನ ವಾಸನೆ ಸೀರೆಗೆ, ಕೂದಲಿಗೆ, ಮಲಗುವ ಹಾಸಿಗೆಗೂ ಹತ್ತಿದೆ. ಮೇಗರವಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಸುಲಿದ ಅಡಿಕೆಯ ಕಲೆ ಬೆರಳುಗಳಿಂದ ಇನ್ನೂ ಹೋಗಿಲ್ಲ. ಕಳೆದ ಮಾರ್ಚ್‌ನಲ್ಲಿ ಇದೇ ಎಡಗೈಯ ಎರಡು ಬೆರಳಿಗೆ ಲೋಹದ ಬಿಲ್ಲೆ ಕಟ್ಟಿ, ನಾನು ನಿಜ ಹೇಳುತ್ತೇನೋ ಸುಳ್ಳು ಹೇಳುತ್ತೇನೋ ಎಂದು ಅಳೆದಿದ್ದರು. ಅದನ್ನು ಇಷ್ಟು ದಿನ ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಅಪ್ಪಯ್ಯನಿಗೆ ಹೇಳಿದೆ. ಅವರು ತಿರುಗಿ ನನಗೊಂದು ವಿಷಯ ಹೇಳಿದರು. ಎರಡನ್ನೂ ಬರೆದಿಡಬೇಕು ಅನ್ನಿಸಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಒಂದು ಗಂಟೆಯ ದಾರಿಯಲ್ಲಿ ನಾವಿದ್ದೇವೆ. ಗಂಡನ ಕೆಲಸಕ್ಕಾಗಿ ಹೋದವಳು ನಾನು. ಅದು ಮಳೆಯ ಊರು ಎಂದು ಅಲ್ಲಿಯವರು ಹೆಮ್ಮೆಯಿಂದಲೋ ಬೇಸರದಿಂದಲೋ ಹೇಳಿಕೊಳ್ಳುತ್ತಾರೆ; ಅವರ ಇಡೀ ವರ್ಷದ ಮಳೆ ನಮ್ಮ ಆಗುಂಬೆಗೆ ಜುಲೈ ತಿಂಗಳ ಹದಿನೈದು ದಿನಕ್ಕೂ ಸಾಲದು. ಗ್ರೀನ್ ಕಾರ್ಡ್ ಕೈಗೆ ಬಂದು, ಮಗ ಶಾಲೆಗೆ ಹೊಂದಿಕೊಂಡ ಮೇಲೆ, ಹತ್ತಿರದ ಊರಿನ ಪೊಲೀಸ್ ಇಲಾಖೆಯಲ್ಲಿ ತುರ್ತು ಕರೆ ಸ್ವೀಕರಿಸುವ ಹುದ್ದೆಗೆ ಅರ್ಜಿ ಹಾಕಿದೆ. ನಮ್ಮಲ್ಲಿ 112 ಇರುವಂತೆ ಅಲ್ಲಿ 911. ಕರೆ ಎತ್ತಿಕೊಂಡು, ಎಲ್ಲಿ, ಏನು, ಯಾರಿಗೆ ಎಂದು ಕೇಳಿ, ಗಸ್ತಿನಲ್ಲಿರುವ ಪೊಲೀಸರನ್ನೋ ಆಂಬುಲೆನ್ಸನ್ನೋ ಕಳುಹಿಸುವವರ ಕೆಲಸ ಅದು.

ಆ ಕೆಲಸದ ಮೇಲಿನ ಆಸೆ ನನಗೆ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಅಪ್ಪಯ್ಯ ಪೊಲೀಸ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಎಎಸ್‌ಐ ಆಗಿ ನಿವೃತ್ತರಾದವರು. ನಾನು ಚಿಕ್ಕವಳಿದ್ದಾಗ ಠಾಣೆಯ ಹಿಂದಿನ ಕ್ವಾರ್ಟರ್ಸ್‌ನಲ್ಲಿದ್ದೆವು. ರಾತ್ರಿ ಊಟದ ಬುತ್ತಿ ಕೊಡಲು ಹೋದಾಗ ವೈರ್‌ಲೆಸ್ ಸೆಟ್ಟಿನ ಮುಂದೆ ನಿಂತುಬಿಡುತ್ತಿದ್ದೆ. ಗರಗರ ಸದ್ದಿನ ನಡುವೆ ಒಂದು ಧ್ವನಿ ಬರುತ್ತಿತ್ತು: ಘಾಟಿಯಲ್ಲಿ ಲಾರಿ ಮಗುಚಿದೆ, ಹೊಳೆಯಲ್ಲಿ ಯಾರೋ ಬಿದ್ದಿದ್ದಾರೆ, ಆನೆ ರಸ್ತೆಗಿಳಿದಿದೆ. ಎಷ್ಟೇ ಕೆಟ್ಟ ಸುದ್ದಿಯಾದರೂ ಆ ಧ್ವನಿ ಏರುತ್ತಿರಲಿಲ್ಲ. ಆ ಧ್ವನಿ ನನ್ನದಾಗಬೇಕು ಎಂದು ಎಂಟು ವರ್ಷದವಳೇ ನಿಶ್ಚಯಿಸಿದ್ದೆ. ಅಲ್ಲಿಗೆ ಹೋದ ಮೇಲೆ ಇನ್ನೊಂದು ಕಾರಣವೂ ಸೇರಿತು. ನಮ್ಮ ಕಡೆಯ ಹೆಣ್ಣುಮಕ್ಕಳು ಎಷ್ಟೋ ಮಂದಿ ಅಲ್ಲಿ ಮನೆಯೊಳಗೆ ಏಟು ತಿಂದರೂ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಫೋನ್ ಎತ್ತದೆ ಸುಮ್ಮನಿರುತ್ತಾರೆ. ಆ ಕಡೆಯಿಂದ ಕನ್ನಡದಲ್ಲೋ ಹಿಂದಿಯಲ್ಲೋ ‘ಹೇಳಮ್ಮ’ ಎನ್ನುವ ಒಬ್ಬಳಾದರೂ ಇರಬೇಕು ಎನ್ನಿಸುತ್ತಿತ್ತು.

ಟೈಪಿಂಗ್ ಪರೀಕ್ಷೆ ಮುಗಿಯಿತು. ಕರೆ ಕೇಳಿಸಿಕೊಂಡು ಬರೆದುಕೊಳ್ಳುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಮೂವರು ಕುಳಿತು ಮಾಡಿದ ಸಂದರ್ಶನವೂ ಚೆನ್ನಾಗಿಯೇ ಆಯಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಪುಟಗಳ ಒಂದು ಜೀವನ ವಿವರ ತುಂಬಿಸಲು ಕೊಟ್ಟರು. ಹತ್ತು ವರ್ಷಗಳಲ್ಲಿ ವಾಸಿಸಿದ ಎಲ್ಲ ವಿಳಾಸ, ಮಾಡಿದ ಎಲ್ಲ ಕೆಲಸ, ಸಾಲ, ದಂಡ, ಜಗಳ, ಕುಡಿತ, ಮಾದಕ ವಸ್ತು, ನೆರೆಯವರ ಹೆಸರು, ಎಲ್ಲವೂ ಅದರಲ್ಲಿರಬೇಕು. ಹದಿನೈದು ದಿನ ಕುಳಿತು ತುಂಬಿಸಿದೆ. ಅದರ ನಂತರದ ಹಂತವೇ ಪಾಲಿಗ್ರಾಫ್, ನಮ್ಮ ಪತ್ರಿಕೆಗಳು ಸುಳ್ಳುಪತ್ತೆ ಪರೀಕ್ಷೆ ಎಂದು ಬರೆಯುತ್ತವಲ್ಲ, ಅದು.

ಇಲ್ಲಿಯವರಿಗೆ ಇದು ವಿಚಿತ್ರ ಎನ್ನಿಸುವುದು ಸಹಜ. ನಮ್ಮಲ್ಲಿ ಕಾನ್‌ಸ್ಟೇಬಲ್ ಆಗಲು ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ಉದ್ದವೋ ಎತ್ತರವೋ ಜಿಗಿಯಬೇಕು, ಗುಂಡು ಎಸೆಯಬೇಕು, ಲಿಖಿತ ಪರೀಕ್ಷೆ ಬರೆಯಬೇಕು. ಸುಳ್ಳುಪತ್ತೆ ಯಂತ್ರ ನಮಗೆ ಗೊತ್ತಿರುವುದು ಕೊಲೆ ಪ್ರಕರಣಗಳ ಸುದ್ದಿಯಿಂದ. ಅಲ್ಲಿಯೂ ಖಾಸಗಿ ಕಂಪನಿಗಳು ಕೆಲಸಕ್ಕೆ ಬರುವವರನ್ನು ಹೀಗೆ ಪರೀಕ್ಷಿಸುವಂತಿಲ್ಲ. ಕೆಲವೇ ಬಗೆಯ ಕೆಲಸಗಳನ್ನು ಬಿಟ್ಟು ಉಳಿದ ಕಡೆ 1988ರ ಒಂದು ಕಾನೂನು ಅದನ್ನು ನಿಷೇಧಿಸಿದೆ. ಆದರೆ ಆ ಕಾನೂನು ಸರಕಾರಕ್ಕೆ ಅನ್ವಯಿಸುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಂತೂ ಹೊಸದಾಗಿ ಸೇರುವ ಪೊಲೀಸ್ ಅಧಿಕಾರಿಗಳಿಗೆ ಈ ಪರೀಕ್ಷೆಯೋ ಇಂಥದ್ದೇ ಇನ್ನೊಂದೋ ಕಾನೂನಿನ ಪ್ರಕಾರವೇ ಆಗಬೇಕು. ನನ್ನಂತೆ ಬರಿಯ ಫೋನ್ ಎತ್ತುವವರಿಗೂ ಆ ಇಲಾಖೆ ಅದನ್ನು ಕೇಳುತ್ತಿತ್ತು.

ನಾನು ಹೆದರಿರಲಿಲ್ಲ. ಮುಚ್ಚಿಡುವುದಕ್ಕೆ ಏನಿತ್ತು? ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಕೋಣೆ ಚಿಕ್ಕದು. ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ. ಪರೀಕ್ಷಕರು ಅರವತ್ತು ದಾಟಿದವರು, ಪತ್ತೇದಾರರಾಗಿ ನಿವೃತ್ತರಾದವರು, ಮೃದು ಮಾತಿನವರು. ಮೊದಲು ಒಂದೂವರೆ ಗಂಟೆ ಬರಿಯ ಮಾತು. ನಾನು ಬರೆದುಕೊಟ್ಟ ಪುಟಗಳನ್ನು ಒಂದೊಂದಾಗಿ ತಿರುವುತ್ತ ‘ಇಲ್ಲಿ ಇನ್ನೇನಾದರೂ ಸೇರಿಸುವುದಿದೆಯೇ?’ ಎಂದು ಕೇಳುತ್ತ ಹೋದರು. ಯಂತ್ರದಲ್ಲಿ ಕೇಳುವ ಪ್ರಶ್ನೆಗಳನ್ನೆಲ್ಲ ಮುಂಚೆಯೇ ಓದಿ ಹೇಳಿದರು. ಗುಟ್ಟಿನ ಪ್ರಶ್ನೆ ಯಾವುದೂ ಇರುವುದಿಲ್ಲ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎನ್ನಬೇಕು, ಅಷ್ಟೇ.

ಆಮೇಲೆ ಕಟ್ಟತೊಡಗಿದರು. ಎದೆಯ ಸುತ್ತ ಒಂದು, ಹೊಟ್ಟೆಯ ಸುತ್ತ ಒಂದು, ಸುಕ್ಕುಸುಕ್ಕಾದ ರಬ್ಬರ್ ಕೊಳವೆ, ಉಸಿರನ್ನು ನೋಡುವುದಕ್ಕೆ. ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ. ಎಡಗೈಯ ತೋರುಬೆರಳಿಗೂ ಉಂಗುರಬೆರಳಿಗೂ ಬಿಲ್ಲೆಗಳು, ಬೆವರನ್ನು ಹಿಡಿಯುವುದಕ್ಕೆ. ಕುಳಿತ ಕುರ್ಚಿಯ ಮೇಲೂ ಒಂದು ದಿಂಬು, ಅಲುಗಾಡಿದರೆ ಗೊತ್ತಾಗಲೆಂದು. ‘ಎದುರಿನ ಗೋಡೆಯನ್ನೇ ನೋಡುತ್ತಿರಿ’ ಎಂದು ಹೇಳಿ ಅವರು ನನ್ನ ಬೆನ್ನ ಹಿಂದೆ ಹೋಗಿ ಕುಳಿತರು.

ಮೊದಲು ಒಂದು ಅಭ್ಯಾಸ. ಮೂರರಿಂದ ಏಳರೊಳಗಿನ ಯಾವುದಾದರೂ ಅಂಕಿಯನ್ನು ಕಾಗದದ ಮೇಲೆ ಬರೆಯಬೇಕು. ಐದು ಎಂದು ಬರೆದೆ. ಕಾಗದ ಅವರ ಕಣ್ಣೆದುರೇ ಇತ್ತು. ‘ಎರಡು ಬರೆದಿರಾ? ಮೂರು ಬರೆದಿರಾ?’ ಎಂದು ಕೇಳುತ್ತ ಹೋಗುತ್ತಾರೆ, ಐದಕ್ಕೂ ನಾನು ಇಲ್ಲ ಎನ್ನಬೇಕು. ಮುಗಿದ ಮೇಲೆ ಪರದೆಯನ್ನು ನನ್ನತ್ತ ತಿರುಗಿಸಿದರು. ಐದರ ಹತ್ತಿರ ಗೆರೆ ನಮ್ಮ ಕುಂದಾದ್ರಿಯಂತೆ ಒಂಟಿಯಾಗಿ ಎದ್ದು ನಿಂತಿತ್ತು. ‘ನೋಡಿ, ನಿಮಗೆ ಸುಳ್ಳು ಹೇಳಲು ಬರುವುದಿಲ್ಲ’ ಎಂದು ನಕ್ಕರು. ನಾನೂ ನಕ್ಕೆ. ಯಂತ್ರದ ಮೇಲೆ ನಂಬಿಕೆ ಹುಟ್ಟಿಸುವುದಕ್ಕೆಂದೇ ಈ ಅಭ್ಯಾಸ ಮಾಡಿಸುತ್ತಾರೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಆಗ ನಾನು ಪೂರ್ತಿ ನಂಬಿದ್ದೆ.

ನಿಜವಾದ ಪ್ರಶ್ನೆಗಳು ಶುರುವಾದವು. ಈ ಕೋಣೆಯಲ್ಲಿ ದೀಪ ಉರಿಯುತ್ತಿದೆಯೇ? ಹೌದು. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಇಪ್ಪತ್ತೈದು ಸೆಕೆಂಡು ಮೌನ. ಇಪ್ಪತ್ತೈದು ಸೆಕೆಂಡು ಎಂದರೆ ಎಷ್ಟು ದೊಡ್ಡದು ಎಂದು ನನಗೆ ಅವತ್ತು ಗೊತ್ತಾಯಿತು. ತೋಳಿನ ಪಟ್ಟಿ ಬಿಗಿಯುತ್ತ ಬಿಗಿಯುತ್ತ ಅಂಗೈ ಜೋಮು ಹಿಡಿಯುತ್ತದೆ. ಉಸಿರಾಡುವುದನ್ನೂ ಯಾರೋ ಲೆಕ್ಕವಿಡುತ್ತಿದ್ದಾರೆ ಎಂದು ತಿಳಿದ ಮೇಲೆ ಉಸಿರು ತಾನಾಗಿ ಬರುವುದಿಲ್ಲ, ಎಳೆದುಕೊಳ್ಳಬೇಕಾಗುತ್ತದೆ. ನಿಮ್ಮನ್ನು ನಂಬಿದವರಿಗೆ ಎಂದಾದರೂ ಸುಳ್ಳು ಹೇಳಿದ್ದೀರಾ? ಹೇಳಿದ್ದ ಒಂದೆರಡನ್ನು ಮುಂಚೆಯೇ ತಿಳಿಸಿದ್ದೆ. ಅದನ್ನು ಬಿಟ್ಟು ಇಲ್ಲ. ಮಾದಕ ವಸ್ತು? ಇಲ್ಲ. ಗಂಭೀರ ಅಪರಾಧ ಯಾವುದನ್ನಾದರೂ ಮುಚ್ಚಿಟ್ಟಿದ್ದೀರಾ? ಇಲ್ಲ.

ಕೆಲಸ ಮಾಡಿದ ಜಾಗದಿಂದ ಎಂದಾದರೂ ಹಣ ಕದ್ದಿದ್ದೀರಾ?

ಇಲ್ಲ ಎಂದೆ. ಅದು ಸತ್ಯ. ಆದರೆ ಎದೆ ಹಾರಿತು. ಕಿವಿಯಲ್ಲಿ ರಕ್ತ ಬಡಿಯುವುದು ಕೇಳಿಸಿತು. ಬಿಲ್ಲೆಗಳ ಕೆಳಗೆ ಬೆರಳು ಒದ್ದೆಯಾದದ್ದು ನನಗೇ ಗೊತ್ತಾಯಿತು.

ಅದೇ ಸುತ್ತು ಮೂರು ಸಲ ಆಯಿತು. ಎರಡನೆಯ ಸಲ ಆ ಪ್ರಶ್ನೆ ಬರುವ ಮುಂಚೆಯೇ, ಬರುತ್ತಿದೆ ಎಂಬ ಯೋಚನೆಗೇ ಬೆವೆತೆ.

ಆ ಪ್ರಶ್ನೆಯೊಳಗೆ ನನಗೆ ಕೇಳಿಸಿದ್ದು ಆ ಕೋಣೆಯ ಮಾತಲ್ಲ. 2011ರಲ್ಲಿ, ನನಗೆ ಇಪ್ಪತ್ತಮೂರು ವರ್ಷವಿದ್ದಾಗ, ನಮ್ಮ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ನಗದು ಕೌಂಟರ್ ನೋಡಿಕೊಳ್ಳುತ್ತಿದ್ದೆ. ಒಂದು ಶನಿವಾರ ಸಂಜೆ ಲೆಕ್ಕ ಮುಚ್ಚುವಾಗ 4,200 ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದೆವು. ಅಷ್ಟೇ. ಯಾರೂ ನನ್ನನ್ನು ಕಳ್ಳಿ ಎನ್ನಲಿಲ್ಲ. ಎಂದಿದ್ದರೆ ಉತ್ತರ ಕೊಡಬಹುದಿತ್ತು. ಸೋಮವಾರ ಹೋದಾಗ ಕೌಂಟರಿನ ಬೀಗದ ಕೈ ಬೇರೆಯವರ ಹತ್ತಿರ ಇತ್ತು, ಅಷ್ಟೇ. ಊಟದ ಹೊತ್ತಿಗೆ ನನ್ನ ಪಕ್ಕ ಯಾರೂ ಕೂರಲಿಲ್ಲ. ನಾಲ್ಕನೆಯ ದಿನ, ಗೊಬ್ಬರ ತಂದ ಲಾರಿಗೆ ಕೊಟ್ಟ ಬಾಡಿಗೆಯ ಓಚರ್ ಪುಸ್ತಕಕ್ಕೆ ಏರಿಲ್ಲವೆಂದು ಕಾರ್ಯದರ್ಶಿಗಳೇ ಹುಡುಕಿ ತೆಗೆದರು. 4,200 ರೂಪಾಯಿ. ಎಲ್ಲರೂ ಕಾಫಿ ತರಿಸಿಕೊಂಡು ಕುಡಿದರು. ಮುಗಿದ ವಿಷಯ ಎಂದುಕೊಂಡು ನಾನು ಆ ಇಪ್ಪತ್ತು ಚಿಲ್ಲರೆ ಪುಟಗಳಲ್ಲಿ ಎಲ್ಲಿಯೂ ಅದನ್ನು ಬರೆಯಲಿಲ್ಲ. ನೆನಪೇ ಆಗಿರಲಿಲ್ಲ ಎಂದರೂ ತಪ್ಪಲ್ಲ.

ಕೊಳವೆಗಳನ್ನು ಬಿಚ್ಚಿದ ಮೇಲೆ ಪರೀಕ್ಷಕರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಅದೇ ಮೃದು ಧ್ವನಿಯಲ್ಲಿ, ‘ಒಂದು ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ. ಏನದು? ಹೇಳಿಬಿಟ್ಟರೆ ಹಗುರಾಗುತ್ತೀರಿ’ ಎಂದರು. ನಾನು 4,200 ರೂಪಾಯಿಯ ಕತೆಯನ್ನು ಹೇಳಿದೆ. ಹೇಳುತ್ತ ಹೇಳುತ್ತ ಅದು ಕಿವಿಗೆ ಹೇಗೆ ಕೇಳಿಸುತ್ತಿದೆ ಎಂದು ನನಗೇ ಅರಿವಾಯಿತು. ಬರೆದುಕೊಟ್ಟ ಕಾಗದದಲ್ಲಿ ಇಲ್ಲದ ಒಂದು ಸಂಗತಿ, ಯಂತ್ರ ಹಿಡಿದುಹಾಕಿದ ಮೇಲೆ ಬಾಯಿಗೆ ಬಂದಿದೆ. ಅವರು ತಲೆಯಾಡಿಸುತ್ತ ಎಲ್ಲವನ್ನೂ ಬರೆದುಕೊಂಡರು. ‘ಅದರಲ್ಲಿ ಸ್ವಲ್ಪವಾದರೂ ನೀವು ತೆಗೆದುಕೊಂಡಿರಾ?’ ಎಂದು ಮತ್ತೆರಡು ಸಲ ಕೇಳಿದರು. ಸಂಘದ ಕಾರ್ಯದರ್ಶಿಗಳ ಫೋನ್ ನಂಬರ್ ಕೊಡುತ್ತೇನೆ, ಈಗಲೇ ಕೇಳಿ ಎಂದೆ. ಹಿಂದಿನ ಕೆಲಸದವರನ್ನೂ ನೆರೆಯವರನ್ನೂ ವಿಚಾರಿಸುವುದು ಮುಂದಿನ ಹಂತ, ಅದು ಬೇರೆಯವರ ಕೆಲಸ ಎಂದರು. ಎರಡು ವಾರದ ನಂತರ ಎರಡು ಸಾಲಿನ ಪತ್ರ ಬಂತು. ನಾನು ಆ ಮುಂದಿನ ಹಂತವನ್ನು ತಲುಪಲೇ ಇಲ್ಲ.

ನಮ್ಮಲ್ಲಿ ಗಾದೆಯೇ ಇದೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಯಂತ್ರದ ಬುದ್ಧಿಯೂ ಇಷ್ಟೇ. ಆದರೆ ಮಾಡದ ಕಳ್ಳತನವನ್ನು ಒಮ್ಮೆ ಹೊರಿಸಿಕೊಂಡವರ ಕೈಯೂ ಹೆಗಲಿಗೆ ಹೋಗುತ್ತದೆ. ಗಾದೆ ಕಟ್ಟಿದವರಿಗೆ ಅದು ಹೊಳೆಯಲಿಲ್ಲವೋ ಏನೋ.

ಪತ್ರ ಬಂದ ಮೇಲೆ ತಿಂಗಳುಗಟ್ಟಲೆ ನಾನು ಇದನ್ನೇ ಓದಿದೆ. ಈ ಯಂತ್ರವನ್ನು 1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೂಡಿಸಿದವರು ಜಾನ್ ಲಾರ್ಸನ್, ಅವರೂ ಒಬ್ಬ ಪೊಲೀಸ್. ಸುಳ್ಳು ಹೇಳಿದಾಗ ಮಾತ್ರ ಮೂಡುವ ಗುರುತು ಎಂಬುದು ಮನುಷ್ಯನ ದೇಹದಲ್ಲಿ ಇಲ್ಲ. ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರು. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ‘ನಂಬಿದವರಿಗೆ ಸುಳ್ಳು ಹೇಳಿದ್ದೀರಾ’ ಎನ್ನುವಂಥ, ಯಾರನ್ನಾದರೂ ಸ್ವಲ್ಪ ಅಳುಕಿಸುವ ಪ್ರಶ್ನೆಯನ್ನು ನಡುವೆ ಸೇರಿಸುತ್ತಾರೆ. ನಿರಪರಾಧಿಗೆ ಆ ಪ್ರಶ್ನೆಯೇ ಹೆಚ್ಚು ಚುಚ್ಚುತ್ತದೆ, ಅಪರಾಧಿಗೆ ಕಳ್ಳತನದ ಪ್ರಶ್ನೆ ಹೆಚ್ಚು ಚುಚ್ಚುತ್ತದೆ ಎಂಬುದು ಲೆಕ್ಕ. ಎರಡು ಗೆರೆಗಳಲ್ಲಿ ಯಾವುದು ಎತ್ತರ ಎಂದು ನೋಡಿ ತೀರ್ಪು. ನನ್ನಂಥವಳಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

2003ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಈ ಬಗ್ಗೆ ದೊಡ್ಡ ವರದಿ ಕೊಟ್ಟಿದೆ. ಅದರ ಒಂದು ಉದಾಹರಣೆ ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. ಹತ್ತು ಸಾವಿರ ನೌಕರರಲ್ಲಿ ಹತ್ತು ಮಂದಿ ಗೂಢಚಾರರು ಇದ್ದಾರೆ ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಎಂಟು ಮಂದಿ ಸಿಕ್ಕಿಬೀಳುವಷ್ಟು ಬಿಗಿಯಾಗಿ ಪರೀಕ್ಷೆ ಇಟ್ಟರೆ, ಆ ಎಂಟು ಮಂದಿಯ ಜೊತೆಗೆ ಸುಮಾರು 1,600 ಮಂದಿ ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಅದೂ ಯಂತ್ರ ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ಭಾವಿಸಿಕೊಂಡರೆ. ನೌಕರರನ್ನು ಜರಡಿ ಹಿಡಿಯಲು ಇದನ್ನು ನೆಚ್ಚಿಕೊಳ್ಳುವಷ್ಟು ನಿಖರತೆ ಇದಕ್ಕಿಲ್ಲ ಎಂದು ವರದಿ ಹೇಳಿತು. ಇನ್ನೊಂದು ಕಡೆ, ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿದ್ದುಕೊಂಡೇ ಸೋವಿಯತ್ ಒಕ್ಕೂಟಕ್ಕೆ ಗುಟ್ಟುಗಳನ್ನು ಮಾರುತ್ತಿದ್ದ ಆಲ್ಡ್ರಿಚ್ ಏಮ್ಸ್ 1986ರಲ್ಲಿಯೂ 1991ರಲ್ಲಿಯೂ ಇದೇ ಪರೀಕ್ಷೆಯಲ್ಲಿ ಪಾಸಾಗಿದ್ದ. ಅವನ ಬೆರಳು ಅವನನ್ನು ಹಿಡಿದುಕೊಡಲಿಲ್ಲ.

ಓದಿದ್ದರಿಂದ ಕೋಪ ಬಂತೇ ಹೊರತು ಮನಸ್ಸು ಹಗುರಾಗಲಿಲ್ಲ.

ಮೊನ್ನೆ ರಾತ್ರಿಯ ಮಾತಿಗೆ ಬರುತ್ತೇನೆ. ಅಡಿಕೆ ಸುಲಿಯುವ ಯಂತ್ರ ನಮ್ಮೂರಿಗೆ ಬಂದು ಎಷ್ಟೋ ವರ್ಷವಾಯಿತು. ನಮ್ಮದು ಒಂದೆಕರೆ ತೋಟ, ಅಪ್ಪಯ್ಯ ಈಗಲೂ ಮೆಟ್ಟುಗತ್ತಿಯಲ್ಲೇ ಸುಲಿಯುತ್ತಾರೆ. ಸುಲಿಯಲು ಬಂದಿದ್ದ ಇಬ್ಬರು ಹೆಂಗಸರು ಒಂಬತ್ತು ಗಂಟೆಗೆ ತಮ್ಮ ಡಬ್ಬಗಳನ್ನು ಅಳೆಸಿಕೊಂಡು ಮನೆಗೆ ಹೋದರು. ಜಗಲಿಯಲ್ಲಿ ನಾನು, ಅಪ್ಪಯ್ಯ, ಅಮ್ಮ. ಮೆಟ್ಟುಗತ್ತಿಯ ಮುಂದೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕಣ್ಣು ಕತ್ತಿಯ ಮೇಲೆಯೇ ಇರಬೇಕು. ಅದಕ್ಕೇ ಇರಬೇಕು, ಹೇಳಲಾಗದ್ದನ್ನೆಲ್ಲ ನಮ್ಮ ಕಡೆಯವರು ಅಡಿಕೆ ಸುಲಿಯುವಾಗ ಹೇಳಿಕೊಳ್ಳುತ್ತಾರೆ. ನಾನೂ ಹೇಳಿದೆ.

ಅಮ್ಮನಿಗೆ ಸಿಟ್ಟು ಬಂತು. ‘ಆ ತಂತಿ ಕಟ್ಟುವುದರ ಬದಲು ಸಿಗಂದೂರಿನ ಚೌಡಮ್ಮನ ಮುಂದೆ ನಿಲ್ಲಿಸಿ ಕೇಳಿದ್ದರೆ ಆಗುತ್ತಿರಲಿಲ್ಲವೇ?’ ಎಂದಳು. ಹಿಂದಿನ ವಾರ ತಾನೇ ಅವಳನ್ನು ಸಿಗಂದೂರಿಗೆ ಕರೆದುಕೊಂಡು ಹೋಗಿದ್ದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟವಿಲ್ಲ. ಮಲೆನಾಡಿನ ಎಷ್ಟೋ ತೋಟಗಳ ಬೇಲಿಯಲ್ಲಿ ‘ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ’ ಎಂಬ ಬೋರ್ಡು ನೀವೂ ನೋಡಿರುತ್ತೀರಿ. ಅಮ್ಮನ ಮಾತನ್ನು ನಾನು ಆಮೇಲೂ ಯೋಚಿಸಿದೆ. ಆ ಬೋರ್ಡು ಕದಿಯಲು ಬಂದವನ ಎದೆಯಲ್ಲಿ ಹೆದರಿಕೆ ಹುಟ್ಟಿಸಿ ಹಿಂದಕ್ಕೆ ಕಳುಹಿಸುತ್ತದೆ. ದಾರಿಯಲ್ಲಿ ಹೋಗುತ್ತಿರುವ ಅಂಜುಬುರುಕನನ್ನು ಹಿಡಿದು ನೀನೇ ಕಳ್ಳ ಎನ್ನುವುದಿಲ್ಲ.

ಅಪ್ಪಯ್ಯ ಏನೂ ಹೇಳಲಿಲ್ಲ. ಸುಮಾರು ಹೊತ್ತು ಕತ್ತಿಗೆ ಕಾಯಿ ತಾಗುವ ಸದ್ದು ಮಾತ್ರ. ಆಮೇಲೆ ಕೇಳಿದರು, ‘ಪುಟ್ಟಿ, ಅವರು ಇಷ್ಟವಿದ್ದರೆ ಮಾತ್ರ ಎಂದು ಸಹಿ ಹಾಕಿಸಿಕೊಂಡರೇ?’

‘ಹಾಕಿಸಿಕೊಂಡರು ಅಪ್ಪಯ್ಯ. ಹಾಕದಿದ್ದರೆ ಕೆಲಸ ಇಲ್ಲ.’

‘ನಮ್ಮಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿಗೆ ಇಲ್ಲದೆ ಯಾರನ್ನೂ ಆ ಯಂತ್ರಕ್ಕೆ ಕೂರಿಸುವ ಹಾಗಿಲ್ಲ. ಒಪ್ಪಿ ಕುಳಿತರೂ ಅದರ ಫಲಿತಾಂಶವೇ ಸಾಕ್ಷಿ ಆಗುವುದಿಲ್ಲ. ಸೆಲ್ವಿ ಪ್ರಕರಣ. ನಮ್ಮ ರಾಜ್ಯದ್ದೇ.’ ಅಪ್ಪಯ್ಯನಿಗೆ ಇಂಥವು ಇಂದಿಗೂ ಬಾಯಿಪಾಠ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎನ್ನುವ ಸಂವಿಧಾನದ 20ನೆಯ ವಿಧಿಯ ಮೂರನೆಯ ಉಪವಿಧಿಯನ್ನೂ ಹೇಳಿದರು. ಕೊಲೆ ಆರೋಪಿಗೆ ಇರುವ ಆ ರಕ್ಷಣೆ ಕೆಲಸ ಕೇಳಿಕೊಂಡು ಹೋದವಳಿಗೆ ಇಲ್ಲ ಎಂದು ನನಗೆ ಅಲ್ಲಿಯೇ ಅನ್ನಿಸಿತು. ಕೆಲಸ ಬೇಡದಿದ್ದರೆ ಎದ್ದು ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಹೋಗಬಹುದಿತ್ತು.

ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪಯ್ಯ ಶುರು ಮಾಡಿದರು. 1994. ಬೇರೆ ತಾಲ್ಲೂಕಿನ ಒಂದು ಠಾಣೆ. ಅಂಗಳದಲ್ಲಿ ಒಣಗಿಸಿ ಚೀಲಕ್ಕೆ ತುಂಬಿಟ್ಟಿದ್ದ ರಾಶಿ ಅಡಿಕೆ ಮೂರು ಚೀಲ ಕಳವಾಗಿತ್ತು. ಆ ತೋಟದಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬನನ್ನು ಕರೆತಂದರು. ಅಪ್ಪಯ್ಯ ಆಗ ಕಾನ್‌ಸ್ಟೇಬಲ್. ಕೂರಿಸಿ ಚಹಾ ಕೊಟ್ಟರು. ಹುಡುಗ ಲೋಟ ಹಿಡಿದ. ಕೈ ಎಷ್ಟು ನಡುಗಿತೆಂದರೆ ಚಹಾ ತುಳುಕಿ ಅಂಗಿಯ ಮೇಲೆ, ಚಡ್ಡಿಯ ಮೇಲೆ, ನೆಲದ ಮೇಲೆ ಚೆಲ್ಲಿತು. ಲೋಟ ಅರ್ಧಕ್ಕೆ ಬಂದರೂ ಒಂದು ಗುಟುಕು ಬಾಯಿಗೆ ಹೋಗಿರಲಿಲ್ಲ.

‘ತೆಗೆಯದವನಾದರೆ ಕೈ ಯಾಕೆ ನಡುಗುತ್ತದೆ ಎಂದವನು ನಾನೇ’ ಎಂದರು ಅಪ್ಪಯ್ಯ. ‘ಸಾಹೇಬರು ಅವನನ್ನು ಬಿಡುವ ಯೋಚನೆಯಲ್ಲಿದ್ದರು. ನನ್ನ ಮಾತು ಕೇಳಿ ಇಟ್ಟುಕೊಂಡರು. ಎರಡು ರಾತ್ರಿ. ನಾನೂ ಹೊಡೆದೆ.’

ಒಂದು ತಿಂಗಳ ಮೇಲೆ ನಿಜವಾದ ಕಳ್ಳರು ಬೇರೆ ಊರಿನ ಅಡಿಕೆ ಮಂಡಿಯಲ್ಲಿ ಸಿಕ್ಕಿಬಿದ್ದರು, ಚೀಲದ ಮೇಲೆ ತೋಟದವರು ಹಾಕಿದ್ದ ಗುರುತಿನ ಸಮೇತ. ಸುದ್ದಿ ತಿಳಿಸಲು ಅಪ್ಪಯ್ಯ ಆ ತೋಟದ ಮನೆಗೆ ಹೋದರು. ಹುಡುಗ ಕೆಲಸ ಬಿಟ್ಟು ಹೋಗಿದ್ದ. ಮನೆಯೊಡತಿ ಬಾಗಿಲಲ್ಲಿ ನಿಂತು ಹೇಳಿದರಂತೆ: ‘ಅವನಿಗೆ ಚಿಕ್ಕಂದಿನಿಂದಲೂ ಕೈ ನಡುಕ. ಅದಕ್ಕೇ ನಾವು ಅವನನ್ನು ಒಂದು ದಿನವೂ ಮರ ಹತ್ತಿಸಲಿಲ್ಲ. ನೀವು ಕೇಳಿದ್ದರೆ ಹೇಳುತ್ತಿದ್ದೆವು.’

ಅಮ್ಮ ಸುಲಿಯುವುದನ್ನು ನಿಲ್ಲಿಸಿದ್ದಳು. ಮೂವತ್ತೊಂದು ವರ್ಷ ಈ ಮನೆಯಲ್ಲಿ ಯಾರಿಗೂ ಹೇಳದ ಮಾತು ಅದು.

ಅಪ್ಪಯ್ಯ ಎಷ್ಟೋ ಸಲ ಹೊಸದಾಗಿ ಆಯ್ಕೆಯಾದ ಹುಡುಗರ ಪೊಲೀಸ್ ಪರಿಶೀಲನೆಗೆ ಹೋದವರು. ಸೈಕಲ್ಲಿನಲ್ಲಿ ಹಳ್ಳಿಗೆ ಹೋಗಿ, ಹೋಟೆಲಿನಲ್ಲಿ ಕುಳಿತು, ಅಂಗಡಿಯವರನ್ನು, ಶಾಲೆಯ ಮೇಷ್ಟರನ್ನು, ಆ ಹುಡುಗನ ಜೊತೆ ಜಗಳವಾಡಿಕೊಂಡವರನ್ನೂ ಕೇಳಿ ಬರುತ್ತಿದ್ದರು. ಅಷ್ಟು ಕೇಳುವ ಮನುಷ್ಯ ಅವತ್ತು ಒಂದು ಮನೆಯ ಬಾಗಿಲಿಗೆ ಹೋಗಿ ಒಂದು ಮಾತು ಕೇಳಲಿಲ್ಲ. ಕೈ ನಡುಗಿದ್ದು ಕಣ್ಣಿಗೆ ಕಂಡಿತ್ತು, ಇನ್ನು ಕೇಳುವುದೇನು ಎಂದುಕೊಂಡರು. ಅದನ್ನು ಅವರೇ ನನಗೆ ಹೇಳಿದ್ದು, ಹೀಗೆಯೇ.

ನಾನು ಅಪ್ಪಯ್ಯನನ್ನು ಸಮಾಧಾನ ಮಾಡಲಿಲ್ಲ. ಮಾಡಬಾರದು ಎನ್ನಿಸಿತು. ಆ ಹುಡುಗನ ಪರವಾಗಿ ಸಮಾಧಾನ ಹೇಳಲು ನಾನು ಯಾರು?

ಆದರೆ ಒಂದು ಮಾತು ಕೇಳಲೇಬೇಕಿತ್ತು. 2011ರ ಆ ಶನಿವಾರ ರಾತ್ರಿ, ನಾನು ಸಂಘದಿಂದ ಬಂದು ಅಡುಗೆಮನೆಯಲ್ಲಿ ಕೆಸುವಿನ ಎಲೆಯ ನಾರು ಬಿಡಿಸುತ್ತಿದ್ದಾಗ, ಅಪ್ಪಯ್ಯ ಬಾಗಿಲಲ್ಲಿ ನಿಂತು ‘ನೀನು ತೆಗೆದಿದ್ದೀಯಾ?’ ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಅವರು ಹೊರಟುಹೋದರು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ, ಓಚರ್ ಸಿಕ್ಕ ಮೇಲೂ ಎತ್ತಲಿಲ್ಲ. ನನ್ನ ಮಾತನ್ನು ನಂಬದೆ ಸುಮ್ಮನಾದರು ಎಂದೇ ನಾನು ಹದಿನಾಲ್ಕು ವರ್ಷ ತಿಳಿದುಕೊಂಡಿದ್ದೆ. ಆ ಬೋಳು ಗೋಡೆಯ ಕೋಣೆಯಲ್ಲಿ ಪರೀಕ್ಷಕರು ಪ್ರಶ್ನೆ ಕೇಳಿದಾಗ ನನಗೆ ಕೇಳಿಸಿದ ಧ್ವನಿ ಅಡುಗೆಮನೆಯ ಬಾಗಿಲಿನದು. ಸಂಘದವರ ಮೌನಕ್ಕೆ ನನ್ನ ಬೆರಳು ಅಷ್ಟು ಬೆವರುತ್ತಿರಲಿಲ್ಲ.

ಅದನ್ನು ಅಪ್ಪಯ್ಯನಿಗೆ ಹೇಳಿದೆ. ಕತ್ತಿಯ ಮೇಲಿನಿಂದ ಕಣ್ಣು ತೆಗೆಯದೆಯೇ ಹೇಳಿದೆ.

‘ಆ ರಾತ್ರಿ ನಾನು ನಿನ್ನ ಕೈಯನ್ನೇ ನೋಡುತ್ತಿದ್ದೆ’ ಎಂದರು ಅವರು. ‘ಇಲ್ಲ ಎನ್ನುವಾಗ ನಡುಗುತ್ತಿತ್ತು. ಆ ಹುಡುಗನ ಲೋಟ ನೆನಪಾಯಿತು. ಅದಕ್ಕೇ ಎರಡನೆಯ ಸಲ ಕೇಳಲಿಲ್ಲ, ಪುಟ್ಟಿ. ಕೇಳುವ ಹಾಗೆಯೇ ಇರಲಿಲ್ಲ.’

ಡಬ್ಬ ತುಂಬಿತ್ತು. ಅಮ್ಮ ಎದ್ದು ಅದನ್ನು ಒಳಗೆ ಇಟ್ಟು ಬಂದಳು. ನಾವು ಇನ್ನೊಂದು ಡಬ್ಬ ಶುರು ಮಾಡಿದೆವು. ರಾತ್ರಿ ಹನ್ನೆರಡಾಗಿತ್ತು.

ನಿನ್ನೆ ನಾನು ಪಕ್ಕದ ಕೌಂಟಿಯ, ಅಂದರೆ ಪಕ್ಕದ ಜಿಲ್ಲೆಯ, ಪೊಲೀಸ್ ಇಲಾಖೆಗೆ ಅದೇ ಕೆಲಸಕ್ಕೆ ಮತ್ತೆ ಅರ್ಜಿ ತುಂಬಿಸಿದೆ. ಅದರಲ್ಲಿ ಒಂದು ಪ್ರಶ್ನೆ ಇದೆ: ಬೇರೆ ಯಾವುದಾದರೂ ಇಲಾಖೆಯ ಪಾಲಿಗ್ರಾಫ್ ಪರೀಕ್ಷೆ ತೆಗೆದುಕೊಂಡಿದ್ದೀರಾ, ಫಲಿತಾಂಶ ಏನು? ತೆಗೆದುಕೊಂಡಿದ್ದೇನೆ, ಪಾಸಾಗಲಿಲ್ಲ ಎಂದು ಬರೆದೆ. ಹಿಂದಿನ ಉದ್ಯೋಗದ ಜಾಗದಲ್ಲಿ 4,200 ರೂಪಾಯಿಯ ಸಂಗತಿಯನ್ನೂ, ಓಚರ್ ಹೇಗೆ ಸಿಕ್ಕಿತು ಎಂಬುದನ್ನೂ ಅರ್ಧ ಪುಟ ಬರೆದು, ಕಾರ್ಯದರ್ಶಿಗಳನ್ನು ಕೇಳಿಕೊಂಡು ಅವರ ಫೋನ್ ನಂಬರ್ ಹಾಕಿದೆ. ಈ ಇಲಾಖೆಯವರೂ ಯಂತ್ರಕ್ಕೆ ಕೂರಿಸುತ್ತಾರೆ. ಆ ಪ್ರಶ್ನೆ ಬಂದಾಗ ಬೆರಳು ಬೆವರುತ್ತದೋ ಇಲ್ಲವೋ ಗೊತ್ತಿಲ್ಲ.

ಅಪ್ಪಯ್ಯ ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ‘ಅದು ಶನಿವಾರ ಎಂದು ಬರೆ. ವಾರ ಹಾಕಿದರೆ ಕೇಳುವವರಿಗೆ ಅನುಕೂಲ’ ಎಂದರು. ಬರೆದೆ. ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಕಳುಹಿಸಲು ಗುಡ್ಡದ ನೆತ್ತಿಯ ಗೇರುಮರದ ತನಕ ಹತ್ತಬೇಕು. ಅಪ್ಪಯ್ಯ ಟಾರ್ಚ್ ಹಿಡಿದು ಮುಂದೆ ನಡೆದರು. ಮರದಡಿ ನಿಂತು ಎರಡು ಸಲ ಒತ್ತಿದ ಮೇಲೆ ಅರ್ಜಿ ಹೋಯಿತು. ಹೋಯಿತೇ ಎಂದು ಕೇಳಿದರು. ಹೋಯಿತು ಎಂದೆ. ಇಳಿಯುವಾಗ ಜಾರುತ್ತದೆ ಎಂದು ನನ್ನ ಕೈ ಹಿಡಿದುಕೊಂಡರು.